ಹದಿನಾಲ್ಕು ವರ್ಷದ ‘ಹೊಸಬ’

ಪ್ರಿಯ ಮೇಷ್ಟ್ರೇ,

‘ಅಮೆರಿಕದ ಕಂಟ್ರಿ ಗಾಯಕ ಕ್ರಿಸ್ ಸ್ಟೇಪಲ್‌ಟನ್ ಒಂದೇ ರಾತ್ರಿಯಲ್ಲಿ ಸ್ಟಾರ್ ಆದರು ಅಂತ ಬರೆದಿದ್ದೀರಿ. ಹಾಗಾದರೆ ಎಲ್ಲ ಬರೀ ಅದೃಷ್ಟವಾ?’ ಎಂದು ಕೇಳಿದ್ದೀರಿ. ತಪ್ಪು ನಮ್ಮದೇ. ತಲೆಬರಹ ಜೋರಾಗಿರಲಿ ಅನ್ನುವ ಆಸೆ, ಅಷ್ಟೇ.

ಆ ರಾತ್ರಿಯೇನೋ ನಿಜ. 2015ರ ನವೆಂಬರ್ 4, ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ (ಸಿಎಂಎ) ಪ್ರಶಸ್ತಿ ಸಮಾರಂಭ. ಸ್ಟೇಪಲ್‌ಟನ್ ಅಲ್ಲಿ ಪಾಪ್ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಜೊತೆ ಹಾಡಿದರು, ಮೂರು ಪ್ರಶಸ್ತಿ ಗೆದ್ದರು. ಮೇ ತಿಂಗಳಲ್ಲೇ ಬಂದಿದ್ದ ಅವರ ‘ಟ್ರಾವೆಲರ್’ ಆಲ್ಬಮ್ ಕೆಲವೇ ದಿನಗಳಲ್ಲಿ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಏರಿತು. ಗೆದ್ದ ಮೂರರಲ್ಲಿ ಒಂದು ‘ಹೊಸ ಕಲಾವಿದ’ ಪ್ರಶಸ್ತಿ. ಹೊಸಬನ ವಯಸ್ಸು 37!

ಕೆಂಟಕಿಯ ಕಲ್ಲಿದ್ದಲು ಸೀಮೆಯ ಹುಡುಗ. ಅಪ್ಪ ಗಣಿ ಎಂಜಿನಿಯರ್. ಮಗನೂ ಎಂಜಿನಿಯರಿಂಗ್ ಓದಲು ನ್ಯಾಶ್‌ವಿಲ್‌ಗೆ ಬಂದು, ಅರ್ಧಕ್ಕೇ ಬಿಟ್ಟರು. 2001ರಲ್ಲಿ ಮತ್ತೆ ಅದೇ ಊರಿಗೆ ಬಂದದ್ದು ಹಾಡು ಬರೆಯಲು. ಕೆಲವೇ ದಿನಗಳಲ್ಲಿ ಒಂದು ಮ್ಯೂಸಿಕ್ ಪಬ್ಲಿಷಿಂಗ್ ಕಂಪನಿ ಅವರನ್ನು ಸೇರಿಸಿಕೊಂಡಿತು. ಅಲ್ಲಿ ಹಾಡು ಬರೆಯುವುದು ನೌಕರಿಯ ಹಾಗೇ. ಕಂಪನಿ ಮುಂಗಡ ಕೊಡುತ್ತದೆ, ಆಮೇಲೆ ರಾಯಲ್ಟಿಯಲ್ಲಿ ಮುರಿದುಕೊಳ್ಳುತ್ತದೆ. ಇಬ್ಬರೋ ಮೂವರೋ ಒಂದು ಕೋಣೆಯಲ್ಲಿ ಗಿಟಾರ್ ಹಿಡಿದು ಕೂರುತ್ತಾರೆ. ಹಾಡು ಸಿದ್ಧವಾದರೆ ಮಾದರಿಗೆ ಹಾಡಿ, ರೆಕಾರ್ಡ್ ಮಾಡಿ (ಇದೇ ಡೆಮೊ) ದೊಡ್ಡ ಗಾಯಕರಿಗೆ ಕಳಿಸುತ್ತಾರೆ. ಸ್ಟೇಪಲ್‌ಟನ್ ಬರೆದದ್ದನ್ನು ಜಾರ್ಜ್ ಸ್ಟ್ರೇಟ್, ಕೆನ್ನಿ ಚೆಸ್ನಿ ಹಾಡಿದರು. ಲ್ಯೂಕ್ ಬ್ರಯಾನ್‌ಗೆ ಒಂದು ನಂಬರ್ ಒನ್ ಸಿಕ್ಕಿದ್ದೂ ಇವರ ಹಾಡಿನಿಂದಲೇ. ಆ ರಾತ್ರಿ ಸಿಎಂಎಯ ದೊಡ್ಡ ಪ್ರಶಸ್ತಿ ಗೆದ್ದವರು ಅದೇ ಬ್ರಯಾನ್. ಅಂದರೆ ‘ಹೊಸಬ’ ಹೊಸಬನಾಗಿದ್ದು ಟಿವಿ ಮುಂದೆ ಕೂತವರಿಗೆ ಮಾತ್ರ.

ನಡುವೆ ಒಂದು ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲುಗಳ ಹಳೇ ಶೈಲಿಯ ಕಂಟ್ರಿ ಸಂಗೀತ) ತಂಡದಲ್ಲೂ ಹಾಡಿದರು. 2013ರಲ್ಲಿ ಸ್ವಂತ ಹೆಸರಿನಲ್ಲಿ ಬಂದ ಮೊದಲ ಹಾಡು ಓಡಲಿಲ್ಲ. ಅದೇ ವರ್ಷ ಅಪ್ಪ ತೀರಿಕೊಂಡರು. ಮಂಕಾಗಿದ್ದ ಗಂಡನಿಗೆ ಹೆಂಡತಿ ಮೋರ್ಗೇನ್ ಒಂದು ಹಳೇ ಜೀಪ್ ಕೊಡಿಸಿದರು. ದೂರದ ಅರಿಜೋನಾ ರಾಜ್ಯದ ಫೀನಿಕ್ಸ್‌ನಿಂದ ನ್ಯಾಶ್‌ವಿಲ್‌ವರೆಗೆ ಇಬ್ಬರೂ ಅದರಲ್ಲೇ ಬಂದರು. ‘ಟ್ರಾವೆಲರ್’ ಹಾಡು ಹುಟ್ಟಿದ್ದು ಆ ದಾರಿಯಲ್ಲಿ. ನನ್ನ ಕೇಳಿದರೆ ಅದೃಷ್ಟ ಅನ್ನಬೇಕಾದ್ದು ಆ ಜೀಪನ್ನೇ.

ಇನ್ನೊಂದು ತಮಾಷೆ ಕೇಳಿ. ಇಷ್ಟು ವರ್ಷ ಬೇರೆಯವರಿಗೆ ಬರೆದುಕೊಟ್ಟ ಮನುಷ್ಯನಿಗೆ ಜಾಸ್ತಿ ಹೆಸರು ತಂದ ‘ಟೆನೆಸ್ಸಿ ವಿಸ್ಕಿ’ ಹಾಡು ಅವರು ಬರೆದದ್ದಲ್ಲ! ಡೀನ್ ಡಿಲನ್ ಮತ್ತು ಲಿಂಡಾ ಹಾರ್‌ಗ್ರೋವ್ ಬರೆದದ್ದು. 1983ರಲ್ಲೇ ಜಾರ್ಜ್ ಜೋನ್ಸ್ ಹಾಡಿ ಗೆಲ್ಲಿಸಿದ್ದರು. ಅದನ್ನೇ ಇವರು ಆ ರಾತ್ರಿ ನಿಧಾನಕ್ಕೆ ಎಳೆದು ಹಾಡಿದರು. ಕೇಳಲು ಲಿಂಡಾ ಇರಲಿಲ್ಲ, 2010ರಲ್ಲೇ ತೀರಿಕೊಂಡಿದ್ದರು.

– ಸಂಪಾದಕ