ಪಪ್ಪಾಯಿ ಗಂಡೋ ಹೆಣ್ಣೋ, ಸಸಿಯಲ್ಲೇ ತಿಳಿಯುತ್ತದಾ?
ಹೂ ಬಿಡುವ ಮೊದಲೇ ಗಂಡು ಪಪ್ಪಾಯಿ ಗುರುತಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ, ಆದರೆ ಲ್ಯಾಬಿನಲ್ಲಿ. ಬೇರು ನೋಡಿ, ಬೀಜದ ಬಣ್ಣ ನೋಡಿ ಹೇಳುವವರನ್ನು ದಯವಿಟ್ಟು ನಂಬಬೇಡಿ. ಹೆಣ್ಣು ಗಿಡಕ್ಕೆ ಎರಡೂ ಎಕ್ಸ್ ಕ್ರೋಮೋಸೋಮ್. ಗಂಡಿನಲ್ಲಿ ಒಂದು ವೈ ಇರುತ್ತದೆ, ದ್ವಿಲಿಂಗಿಯಲ್ಲಿ (ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುವ ಗಿಡ) ಅದೇ ವೈನ ಇನ್ನೊಂದು ರೂಪ. ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಆ ವೈ ಭಾಗದ ಗುರುತು (ಮಾರ್ಕರ್) ಇದೆಯಾ ಅಂತ ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆಯಲ್ಲಿ, ನೋಡುತ್ತಾರೆ. ಹೂವಿಗಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ತಳಿ ಅಭಿವೃದ್ಧಿ ಮಾಡುವವರಿಗೆ ಇದು ದೊಡ್ಡ ಅನುಕೂಲ, ಅಲ್ವಾ?

ನಿಮ್ಮ ತೋಟಕ್ಕೆ ಸಸಿಗೊಂದು ಪರೀಕ್ಷೆ ಅಂದರೆ ಖರ್ಚು ಜಾಸ್ತಿ. ಬದಲಿಗೆ ಹೆಸರಘಟ್ಟದ ಐಐಎಚ್‌ಆರ್‌ನ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಅರ್ಕಾ ಪ್ರಭಾತ್ ಎಂಬ ದ್ವಿಲಿಂಗಿ ತಳಿ ಹಾಕಿ. ದ್ವಿಲಿಂಗಿಯ ಹೂವಿಗೆ ಅದರದೇ ಪರಾಗ ಸೇರಿ ಆದ (ಸ್ವಪರಾಗದ) ಬೀಜದಲ್ಲಿ ಗಂಡು ಬರುವುದಿಲ್ಲ. ಎರಡು ವೈ ಸೇರಿದ ಭ್ರೂಣ ಬದುಕುವುದಿಲ್ಲ. ಹಾಗಾಗಿ ಸುಮಾರು 2 ದ್ವಿಲಿಂಗಿಗೆ 1 ಹೆಣ್ಣು. ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಒಂದು ದ್ವಿಲಿಂಗಿ ಉಳಿಸಿಕೊಳ್ಳಿ.