ವಾಳೆಯ ವಾಟ್ಸಾಪ್ ಗುಂಪಿನಲ್ಲಿ ಪಕ್ಷದ ಪ್ರಚಾರ

ನಿಮ್ಮ ವಾಳೆಯ (ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಕೂಟ) ವಾಟ್ಸಾಪ್ ಗುಂಪಿನಲ್ಲಿ ಆದ ಜಗಳಕ್ಕೆ ಕಾರಣ ಪಕ್ಷ ಅಲ್ಲ, “ನಿಜವಾದ ಕ್ರೈಸ್ತ ಇವರಿಗೇ ವೋಟು ಹಾಕಬೇಕು” ಅನ್ನೋ ಆ ಒಂದು ಸಾಲು. ಪಂಚಾಯತ್ ಚುನಾವಣೆಗೆ ಯಾರೋ ಅದನ್ನು ವಾಳೆಯ ಗುಂಪಿಗೆ ಹಾಕಿದರು, ಏಳು ಮನೆಯವರು ಹೊರಗೆ ಹೋದರು ಅಂದಿದ್ದೀರಿ. ಬೇರೆ ಪಕ್ಷದವರ ನಂಬಿಕೆಯನ್ನೇ ಪ್ರಶ್ನಿಸಿದ ಹಾಗಾಯಿತು ಅಲ್ವಾ? ಕುಂಬಳೆ ಕಡೆ ನಮ್ಮ ವಾಳೆಯಲ್ಲೂ ಹೀಗೇ ಆಗಿತ್ತು.

ಗುರಿಕಾರರಾಗಿ, ಅಂದರೆ ವಾಳೆಯ ಮುಖಂಡರಾಗಿ, ನೀವು ಮೊದಲು ಆ ಸಾಲು ಹಾಕಿದವರಿಗೆ ಫೋನ್ ಮಾಡಿ, ಅವರೇ ಅಳಿಸಲಿ. ಗುಂಪಿನಲ್ಲಿ ಬೈಯಬೇಡಿ. ವಾದಕ್ಕೆ ನಿಂತರೆ 1965ರಲ್ಲೇ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನು ನೆನಪಿಸಿ: ಇಂಥ ವಿಷಯದಲ್ಲಿ ತನ್ನ ಅಭಿಪ್ರಾಯಕ್ಕೆ ಮಾತ್ರ ಧರ್ಮಸಭೆಯ ಅಧಿಕಾರವಿದೆ ಅಂತ ಯಾರೂ ಹೇಳುವಂತಿಲ್ಲ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಮತ್ತಾಯನೂ ಇದ್ದ, ದೇಶಾಭಿಮಾನಿ ಎನಿಸಿಕೊಂಡ ಸಿಮೋನನೂ ಇದ್ದ. ಎದುರು ಪಕ್ಷದವರ ಹಾಗಿದ್ದರೂ ಇಬ್ಬರೂ ಒಂದೇ ಊಟಕ್ಕೆ ಕೂತರು.

ಆಮೇಲೆ ಫಾದರಿಗೆ ತಿಳಿಸಿ. ಪಕ್ಷದವರು ಚರ್ಚ್ ಹಾಲ್ ಕೇಳಿಕೊಂಡು ಬಂದರೆ ಇಲ್ಲ ಅನ್ನಿ. 1988ರ ಕಾಯ್ದೆ ಪ್ರಕಾರ ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯಕ್ಕೆ ಬಳಸುವಂತಿಲ್ಲ.

ಹೊರಗೆ ಹೋದವರ ಮನೆಗೆ ನೀವೇ ಹೋಗಿ, ಸುಮ್ನೆ ಮೆಸೇಜ್ ಹಾಕಿದರೆ ಸಾಲದು. ನಮ್ಮಲ್ಲಿ ಒಬ್ಬ ಹಿರಿಯರು ಮೂರು ತಿಂಗಳು ವಾಳೆಯ ಜಪಸರ ಪ್ರಾರ್ಥನೆಗೆ ಬರಲಿಲ್ಲ. ಗುರಿಕಾರರು ಅವರ ಜಗಲಿಯಲ್ಲಿ ಕೂತು, ಕಪ್ಪು ಚಹಾ ಕುಡಿದು, “ಮುಂದಿನ ಸಲ ಜಪಸರ ನಿಮ್ಮ ಮನೆಯಲ್ಲೇ ಇಡೋಣವಾ?” ಅಂತ ಕೇಳಿದ ಮೇಲೆ ಬಂದರು. ಏಳೂ ಮನೆಯವರು ವಾಪಸ್ ಬರುತ್ತಾರೆ ಅಂತ ನಾನು ಹೇಳಲಾರೆ.

ನೀವೂ ಯಾವುದಾದರೂ ಪಕ್ಷದಲ್ಲಿದ್ದರೆ, ಚುನಾವಣೆ ಮುಗಿಯುವವರೆಗೆ ಗುಂಪಿನ ಅಡ್ಮಿನ್ ಕೆಲಸ ಬೇರೆಯವರಿಗೆ ಕೊಡಿ.