ಬೆಳ್ಳಿಯ ಮೂತ್ರಕೋಶದಲ್ಲಿ ಕಲ್ಲು: ಈ ವಯಸ್ಸಿಗೆ ಆಪರೇಷನ್ ಬೇಕೇ?

ಪ್ರಶ್ನೆ: ಡಾಕ್ಟ್ರೇ, ನಮ್ಮನೆ ಹೆಣ್ಣುಬೆಕ್ಕು ಬೆಳ್ಳಿಗೆ 13 ವರ್ಷ. ಒಂದು ತಿಂಗಳಿಂದ ಬಚ್ಚಲಲ್ಲಿ ಮತ್ತೆಮತ್ತೆ ಕೂತು ನಾಲ್ಕೇ ಹನಿ ಉಚ್ಚೆ ಹೊಯ್ಯುತ್ತಾಳೆ. ಮೊನ್ನೆ ರಕ್ತವೂ ಬಂತು. ಎಕ್ಸ್‌ರೇಯಲ್ಲಿ ಮೂತ್ರಕೋಶದೊಳಗೆ ಕಡಲೆಕಾಳಿನಷ್ಟು ದಪ್ಪದ ಎರಡು ಕಲ್ಲು ಕಂಡಿವೆ, ಆಪರೇಷನ್ ಅಂದಿದ್ದಾರೆ. ಈ ವಯಸ್ಸಲ್ಲಿ ಅವಳ ಹೊಟ್ಟೆ ಕುಯ್ಯಿಸಲು ಮನಸ್ಸು ಒಪ್ಪುತ್ತಿಲ್ಲ. ನಮ್ಮ ಯಜಮಾನರ ಕಲ್ಲು ಬಾಳೆದಿಂಡಿನ ರಸದಲ್ಲೇ ಹೋಗಿತ್ತು. ಬೆಳ್ಳಿಗೂ ಕುಡಿಸಲೇ?
– ಓದುಗರು, ಸಾಗರ

ಉತ್ತರ: ಬಾಳೆದಿಂಡು ಬೇಡಮ್ಮಾ. ನಿಮ್ಮ ಯಜಮಾನರದ್ದು ಜಾರಿ ಹೊರಬೀಳುವಷ್ಟು ಸಣ್ಣ ಕಲ್ಲು ಇದ್ದಿರಬೇಕು. ಬೆಳ್ಳಿಯ ಮೂತ್ರನಾಳದಲ್ಲಿ ಕಡಲೆಕಾಳಿನಷ್ಟು ಕಲ್ಲು ಇಳಿಯಲಾರದು. ಬಾಯಿ ಬಿಡಿಸಿ ರಸ ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯವಿದೆ, ಬೆಕ್ಕು ಬೆದರಿ ಊಟವನ್ನೂ ಬಿಟ್ಟೀತು. ಹುರುಳಿಕಟ್ಟು, ಬಾರ್ಲಿ ನೀರೂ ಬೇಡ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಂತೂ ಮುಟ್ಟಿಸಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನೋವಿನ ಔಷಧಿಯನ್ನು ನಿಮ್ಮ ವೈದ್ಯರಲ್ಲೇ ಕೇಳಿ, ಅವಳಿಗೆ ಅದು ಈಗಲೇ ಬೇಕು.

ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಕಲ್ಲು. ಸ್ಟ್ರುವೈಟ್ ಆದರೆ ವೈದ್ಯರು ಬರೆದುಕೊಡುವ ವಿಶೇಷ ಆಹಾರಕ್ಕೆ ಸಾಮಾನ್ಯವಾಗಿ 2ರಿಂದ 5 ವಾರದಲ್ಲಿ ಕರಗುತ್ತದೆ. ಅಷ್ಟೂ ದಿನ ಅದೊಂದನ್ನೇ ತಿನ್ನಿಸಬೇಕು, ನಡುವೆ ಮೀನಿನ ತುಂಡು ಕೊಟ್ಟರೆ ಕೆಲಸ ಕೆಡುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಆಹಾರಕ್ಕೂ ಕರಗದು, ವಯಸ್ಸಾದ ಬೆಕ್ಕುಗಳಲ್ಲಿ ಅದೇ ಹೆಚ್ಚು. ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೇ ಕಾಣುತ್ತವೆ. ಹಾಗಾಗಿ ಮೂತ್ರದ ಪಿಎಚ್ (ಹುಳಿ-ಕ್ಷಾರದ ಅಳತೆ), ಅದರಲ್ಲಿರುವ ಹರಳು, ರಕ್ತದ ಕ್ಯಾಲ್ಸಿಯಂ ಇವೆಲ್ಲ ನೋಡಿ ಅಂದಾಜು ಮಾಡುತ್ತೇವೆ. ಸ್ಟ್ರುವೈಟ್ ಇರಬಹುದು ಅನ್ನಿಸಿ ಕಿಡ್ನಿಯೂ ಚೆನ್ನಾಗಿದ್ದರೆ ಕೆಲವು ವಾರ ಆಹಾರ ಕೊಟ್ಟು ಮತ್ತೆ ಎಕ್ಸ್‌ರೇ ತೆಗೆಸಿ. ಕಲ್ಲು ಕುಗ್ಗದಿದ್ದರೆ ಇನ್ನೂ ಕಾಯುವುದು ಅವಳನ್ನು ನರಳಿಸಿದಂತೆಯೇ.

13 ವರ್ಷ ಅಂದ ಕೂಡಲೇ ನಾನು ಕೇಳುವುದು ಕಿಡ್ನಿಯ ಸ್ಥಿತಿ ಹೇಳುವ ರಕ್ತದ ಕ್ರಿಯಾಟಿನಿನ್ ಎಷ್ಟಿದೆ, ಥೈರಾಯ್ಡ್, ಬಿ.ಪಿ. ನೋಡಿಸಿದ್ದೀರಾ, ಎದೆಬಡಿತ ಹೇಗಿದೆ ಅಂತ. ಇವು ಸರಿಯಿದ್ದರೆ ಅರಿವಳಿಕೆ ಕೊಡಲು ನಾನು ಹಿಂಜರಿಯುವುದಿಲ್ಲ. ಕೆಲವು ವರ್ಷದ ಹಿಂದೆ 14 ವರ್ಷದ ಬೂದು ಬೆಕ್ಕೊಂದಕ್ಕೆ ಇದೇ ಆಪರೇಷನ್ ಮಾಡಿದೆ. ಮೂತ್ರಕೋಶದ ಒಳಪದರ ಊದಿ ಕೆಂಪಗಾಗಿತ್ತು. ಕಲ್ಲು ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿದರೆ ಟಣ್ ಅಂದಿತು. ಬೆರಳಲ್ಲಿ ಹಿಡಿದು ನೋಡಿದೆ, ಒಣಗಿದ ನೆಗ್ಗಿಲುಮುಳ್ಳಿನ ಹಾಗೆ ಮೈಯೆಲ್ಲ ಮುಳ್ಳು. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಾಡಿತ್ತಲ್ಲ ಎಂದು ನನ್ನ ಕರುಳು ಕಿವುಚಿತು. ಮೂರನೇ ದಿನ ಆ ಮನೆಯ ಅಜ್ಜಿ ಫೋನ್ ಮಾಡಿದರು. ‘ಮರಳಿನ ಟ್ರೇಯಲ್ಲಿ ಅಂಗೈಯಗಲ ಒದ್ದೆ ಮಾಡಿದಾಳೆ ಡಾಕ್ಟ್ರೇ’ ಅನ್ನುತ್ತಲೇ ಅತ್ತುಬಿಟ್ಟರು.

ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಲ್ಲ, ಎರಡನೇ ಅಭಿಪ್ರಾಯ ಬೇಕೆನ್ನಿಸಿದರೆ ಎಕ್ಸ್‌ರೇ, ರಕ್ತದ ರಿಪೋರ್ಟ್ ಹಿಡಿದು ಹೋಗಿಬನ್ನಿ. ಆಪರೇಷನ್ ಆದರೆ ಅವಳಿಗೆ ಎಚ್ಚರವಾಗುವ ಮೊದಲೇ ಇನ್ನೊಂದು ಎಕ್ಸ್‌ರೇ ತೆಗೆದು, ಕಲ್ಲು ಒಂದೂ ಉಳಿದಿಲ್ಲವೆಂದು ನೋಡಿಕೊಳ್ಳಲು ಹೇಳಿ. ತೆಗೆದ ಕಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು, ಮುಂದಿನ ಪಥ್ಯ ನಿಂತಿರುವುದು ಅದರ ಮೇಲೆ.

ಆಕ್ಸಲೇಟ್ ಮರುಕಳಿಸುವ ಜಾತಿ. ಅದಕ್ಕೆ ದೊಡ್ಡ ಔಷಧಿ ನೀರು. ಒಣ ಆಹಾರದಲ್ಲಿ ನೀರಿನಂಶ ಶೇ. 10ರ ಆಸುಪಾಸು, ಡಬ್ಬಿಯ ಹಸಿ ಆಹಾರದಲ್ಲಿ ಶೇ. 75ಕ್ಕೂ ಮೇಲೆ. ನಿಧಾನವಾಗಿ ಹಸಿ ಆಹಾರಕ್ಕೆ ರೂಢಿ ಮಾಡಿಸಿ. ಮೂರು ಕಡೆ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಕೋಳಿ ಬೇಯಿಸಿದ ನೀರನ್ನು ಎರಡು ಚಮಚ ಬೆರೆಸಿದರೆ ಎಷ್ಟೋ ಬೆಕ್ಕುಗಳು ಬಟ್ಟಲು ನೆಕ್ಕಿ ಖಾಲಿ ಮಾಡುತ್ತವೆ. ಮೂತ್ರ ಪರೀಕ್ಷೆಯಲ್ಲಿ ಸಾಂದ್ರತೆ, ಅಂದರೆ ಮೂತ್ರ ಎಷ್ಟು ಗಟ್ಟಿಯಿದೆ ಅನ್ನುವ ಅಳತೆ, 1.030ಕ್ಕಿಂತ ಕೆಳಗಿರಲಿ. 3ರಿಂದ 6 ತಿಂಗಳಿಗೊಮ್ಮೆ ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಮಾಡಿಸಿ. ಕಲ್ಲು ಸಾಸಿವೆಯಷ್ಟಿರುವಾಗಲೇ ಕಂಡರೆ ಹೆಣ್ಣುಬೆಕ್ಕಿಗೆ ಕುಯ್ಯದೆ ತೊಳೆದು ಹೊರಹಾಕಲು ಬರುತ್ತದೆ.

ಇಷ್ಟರೊಳಗೆ ಬೆಳ್ಳಿ ತಿಣುಕಿದರೂ ಹನಿ ಉಚ್ಚೆ ಬಾರದೆ, ವಾಂತಿ ಮಾಡಿ ಮುದುಡಿ ಮಲಗಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ.